ಪೆಲೆಟ್ ಪರೀಕ್ಷೆಗೆ ಜಿಲ್ಲಾ ಶೂಟಿಂಗ್ ರೇಂಜ್‌ಗಳಲ್ಲಿ ವ್ಯವಸ್ಥೆ ಮಾಡಿ

ಮಾನ್ಯ ಸಂಪಾದಕರೇ,

ಜಿಲ್ಲಾ ಕೇಂದ್ರಗಳಲ್ಲೂ ಈಗ ಮಕ್ಕಳು ಏರ್ ರೈಫಲ್ ಕಲಿಯುತ್ತಿದ್ದಾರೆ. ಪಾಲಕರು ಸಾಲ ಮಾಡಿಯಾದರೂ ಒಳ್ಳೆಯ ರೈಫಲ್, ಜಾಕೆಟ್, ಬೂಟು ಕೊಡಿಸುತ್ತಾರೆ. ಪೆಲೆಟ್, ಅಂದರೆ ಅದರಲ್ಲಿ ಹಾರಿಸುವ ಸೀಸದ ಪುಟ್ಟ ಗುಂಡು, ಕೊಳ್ಳುವಾಗ ಮಾತ್ರ ಅಂಗಡಿಯವರು ಕೊಟ್ಟದ್ದನ್ನೋ, ಪದಕ ಗೆದ್ದವರು ಯಾವುದನ್ನು ಬಳಸುತ್ತಾರೋ ಅದನ್ನೋ ತರುತ್ತಾರೆ. ಆದರೆ ಒಂದೇ ಕಂಪನಿಯ, ಒಂದೇ ಮಾದರಿಯ ಎರಡು ರೈಫಲ್‌ಗಳ ನಳಿಗೆಗಳೂ ಕೂದಲೆಳೆಯಷ್ಟು ಬೇರೆ ಇರುತ್ತವೆ. ಒಂದಕ್ಕೆ ಹೊಂದಿದ ಪೆಲೆಟ್ ಇನ್ನೊಂದಕ್ಕೆ ಹೊಂದಲೇಬೇಕೆಂದಿಲ್ಲ. ಹೊಂದುತ್ತದೆಯೇ ಎಂದು ತಿಳಿಯಲು ಹೊಡೆದು ನೋಡುವುದೊಂದೇ ದಾರಿ.

ಇದು ಎಷ್ಟು ಮುಖ್ಯ ಎಂಬುದಕ್ಕೆ ಲೆಕ್ಕವೇ ಸಾಕು. 10 ಮೀಟರ್ ಏರ್ ರೈಫಲ್ ಟಾರ್ಗೆಟ್‌ನ ನಡುವಿನ ಚುಕ್ಕೆ ಬರೀ 0.5 ಮಿ.ಮೀ. ದಶಮಾಂಶ ಅಂಕದಲ್ಲಿ ಗುಂಡು 0.25 ಮಿ.ಮೀ. ಆಚೆ ಸರಿದರೆ 0.1 ಅಂಕ ಹೋಯಿತು. 60 ಗುಂಡುಗಳ ಅರ್ಹತಾ ಸುತ್ತಿನಲ್ಲಿ ಪ್ರತಿ ಗುಂಡಿಗೆ ಸರಾಸರಿ 0.1 ಕಳೆದುಕೊಂಡರೂ ಕೊನೆಗೆ 6 ಅಂಕ ಕಡಿಮೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 700.5 ಅಂಕದಿಂದ, ಎರಡನೆಯವರಿಗೆ ಬಂದದ್ದು 699.7. ಮಗು ಎಷ್ಟೇ ಸರಿಯಾಗಿ ಟ್ರಿಗರ್ ಒತ್ತಿದರೂ ಪೆಲೆಟ್ ತಾನೇ ಚದುರಿದರೆ ಆ ಅಂಕವನ್ನು ಯಾವ ಅಭ್ಯಾಸವೂ ತಂದುಕೊಡುವುದಿಲ್ಲ.

4.5 ಮಿ.ಮೀ. ಎಂದು ಬರೆದ ಪೆಲೆಟ್‌ಗಳಲ್ಲೇ ತಲೆಯ ಅಳತೆ 4.48ರಿಂದ 4.52ರವರೆಗೆ ಸಿಗುತ್ತದೆ. ಡಬ್ಬಿಯ ಮೇಲಿನ ಚೀಟಿಯಲ್ಲಿ ಅದನ್ನು ನಮೂದಿಸಿರುತ್ತಾರೆ, ಕೊಳ್ಳುವಾಗ ಓದಬೇಕು. ಸೀಸದ ಪೆಲೆಟ್‌ನ ತಲೆ ನಳಿಗೆಯ ಒಳಗಿನ ಸುರುಳಿ ಗೆರೆಗಳ ಮೇಲೆ ಕೂರುತ್ತದೆ. ಹಿಂದಿನ ತೆಳು ಅಂಚು, ಅಂದರೆ ಸ್ಕರ್ಟ್, ಗಾಳಿಯ ಒತ್ತಡಕ್ಕೆ ಅರಳಿ ಗಾಳಿ ಸೋರದಂತೆ ತಡೆಯುತ್ತದೆ. ತಲೆ ಚಿಕ್ಕದಾದರೆ ಪೆಲೆಟ್ ನಳಿಗೆಯೊಳಗೆ ಓರೆಯಾಗುತ್ತದೆ. ದೊಡ್ಡದಾದರೆ ತುಂಬುವಾಗಲೇ ಬಿಗಿಯಾಗಿ ಆಕಾರ ಕೆಡುತ್ತದೆ. ಕಾಗದದ ಟಾರ್ಗೆಟ್‌ಗೆ ಚಪ್ಪಟೆ ತಲೆಯದೇ ಬೇಕು, ಅದು ದುಂಡಗೆ ಕತ್ತರಿಸಿದಂಥ ತೂತು ಮಾಡುತ್ತದೆ. ಚೂಪು ತಲೆಯದು ಕಾಗದ ಹರಿಯುತ್ತದೆ, ಅಂಕ ಎಣಿಸುವಾಗ ತಕರಾರು ಶುರುವಾಗುತ್ತದೆ.

ಪರೀಕ್ಷೆಗೆ ಬೇಕಾದದ್ದು ನೆಲಕ್ಕೆ ಬೋಲ್ಟ್ ಹಾಕಿದ ಭಾರದ ಮೇಜು, ಅದರ ಮೇಲೊಂದು ವೈಸ್, ಅಂದರೆ ರೈಫಲ್ ಅಲುಗದಂತೆ ಬಿಗಿಯಾಗಿ ಹಿಡಿಯುವ ಸಾಧನ. ಹಿಡಿತ ರೈಫಲ್‌ನ ಬಾಡಿಗೆ ಇರಬೇಕು, ನಳಿಗೆಯನ್ನು ಕಚ್ಚಿಸಬಾರದು. ರೈಫಲ್‌ನ ಗಾಳಿ ಸಿಲಿಂಡರ್‌ನ ಒತ್ತಡ ತೀರಾ ಇಳಿಯಲು ಬಿಡದೆ ನಡುನಡುವೆ ತುಂಬಿಕೊಳ್ಳಬೇಕು. ಪೆಲೆಟ್ ಬದಲಿಸಿದಾಗಲೆಲ್ಲ ಮೊದಲ 5ರಿಂದ 10 ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಹಿಂದಿನ ಪೆಲೆಟ್ ಬಿಟ್ಟುಹೋದ ಸೀಸದ ಪದರ ಹೋಗಿ ಹೊಸದರದ್ದು ಕೂರಲು ಅಷ್ಟು ಬೇಕು. ನಳಿಗೆ ಒರೆಸಿದ ಮೇಲೂ ಇದೇ ಮಾತು. ನಂತರ ಒಂದೊಂದು ಬಗೆಗೂ 10 ಗುಂಡುಗಳ ಕನಿಷ್ಠ 3 ಗುಂಪು, ಅಂದರೆ ಒಂದೇ ಗುರಿಗೆ ಹೊಡೆದ ತೂತುಗಳ ಗುಚ್ಛ, ಹೊಡೆಯಿರಿ. 5 ಗುಂಡಿನ ಒಂದು ಚಂದದ ಗುಂಪು ನೋಡಿ ತೀರ್ಮಾನಿಸುವವರೇ ಹೆಚ್ಚು. ಅಷ್ಟರಲ್ಲಿ ಅದೃಷ್ಟದ ಪಾಲೇ ದೊಡ್ಡದು. ವೈಸ್‌ನಲ್ಲಿ ಹೊಡೆದಾಗ ಒಂದು ಗುಂಡು ದೂರ ಹೋದರೆ ಅದನ್ನು ಬಿಟ್ಟು ಅಳೆಯಬಾರದು, ನಾವು ಹುಡುಕುತ್ತಿರುವುದೇ ಅಂಥ ಗುಂಡನ್ನು. ಆದರೆ ಇಡೀ ಗುಂಪು ಒಂದೇ ದಿಕ್ಕಿಗೆ ಮೆಲ್ಲಗೆ ಸರಿಯುತ್ತಿದ್ದರೆ ಮೊದಲು ವೈಸ್ ಮತ್ತು ಸ್ಕ್ರೂಗಳನ್ನು ನೋಡಿ, ಎಲ್ಲೋ ಸಡಿಲವಾಗಿರುತ್ತದೆ.

ಅಳೆಯುವ ಕ್ರಮದಲ್ಲೂ ತಪ್ಪು ನುಸುಳುತ್ತದೆ. ವರ್ನಿಯರ್ ಕ್ಯಾಲಿಪರ್‌ನಿಂದ ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಅದೇ ಕಾಗದದಲ್ಲಿ ಒಂದೇ ಗುಂಡು ಮಾಡಿದ ತೂತಿನ ಅಳತೆಯನ್ನು ಕಳೆಯಬೇಕು. ಕಾಗದದ ನಾರು ಮತ್ತೆ ಒಳಕ್ಕೆ ಚಾಚಿಕೊಳ್ಳುವುದರಿಂದ ತೂತು 4.5 ಮಿ.ಮೀ.ಗಿಂತ ಚಿಕ್ಕದಾಗಿ ಕಾಣುತ್ತದೆ. ಉಳಿದ ಅಂತರ 1.5 ಮಿ.ಮೀ. ಆಸುಪಾಸಿನಲ್ಲಿದ್ದರೆ ಆ ಪೆಲೆಟ್ ಸ್ಪರ್ಧೆಗೆ ಯೋಗ್ಯ. 3 ಮಿ.ಮೀ. ದಾಟಿದರೆ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ವೇಗ ಅಳೆಯುವ ಯಂತ್ರ ಇದ್ದರೆ ಒಳ್ಳೆಯದೇ, ಇಲ್ಲದಿದ್ದರೆ ಚಿಂತೆ ಬೇಡ: ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ 2 ಮೀಟರ್ ಹೆಚ್ಚುಕಡಿಮೆಯಾದರೆ ಗುಂಡು ಮೇಲೆ ಕೆಳಗೆ ಆಗುವುದು 0.4 ಮಿ.ಮೀ. ಮಾತ್ರ, ಅದೂ ಗುಂಪಿನಲ್ಲೇ ಕಾಣಿಸಿಕೊಳ್ಳುತ್ತದೆ.

ವೈಸ್ ಇಲ್ಲದ ಕಡೆ ಮರಳಿನ ಚೀಲದ ಮೇಲಿಟ್ಟು ಹೊಡೆಯಬಹುದು. ಆಗ ಯಾವ ಪೆಲೆಟ್ ಎಂದು ಹೊಡೆಯುವವರಿಗೆ ಗೊತ್ತಾಗದಂತೆ ಬೇರೊಬ್ಬರು ಕೈಗೆ ಕೊಡಬೇಕು. ದುಬಾರಿ ಡಬ್ಬಿ ಎಂದು ಗೊತ್ತಾದರೆ ಕೈ ತಾನಾಗಿಯೇ ಎಚ್ಚರವಾಗುತ್ತದೆ. ಮೊದಲ ಸುತ್ತಿನ ಸರದಿಯನ್ನು ಎರಡನೆಯ ಸುತ್ತಿನಲ್ಲಿ ತಿರುಗಿಸಿದರೆ ದಣಿವಿನ ಪರಿಣಾಮ ಒಂದೇ ಪೆಲೆಟ್ ಮೇಲೆ ಬೀಳುವುದಿಲ್ಲ. ನಳಿಗೆ ಮಡಿಚುವ ಸ್ಪ್ರಿಂಗ್ ರೈಫಲ್‌ಗಳನ್ನು ವೈಸ್‌ಗೆ ಕಟ್ಟಲೇಬಾರದು. ಸ್ಪ್ರಿಂಗ್ ಹಿಂದಕ್ಕೂ ಮುಂದಕ್ಕೂ ಒದೆಯುವುದರಿಂದ, ಅಂಗೈ ಮೇಲೆ ಸಡಿಲವಾಗಿ ಇಟ್ಟು ಹೊಡೆದಾಗಲೇ ಅವುಗಳ ನಿಜಗುಣ ತಿಳಿಯುವುದು.

ಪೆಲೆಟ್ ಗೊತ್ತಾದ ಮೇಲೆ ಅದೇ ಲಾಟ್‌ನ, ಅಂದರೆ ಒಂದೇ ಸಲ ತಯಾರಾದ ಕಂತಿನ, ಡಬ್ಬಿಗಳನ್ನು ಒಟ್ಟಿಗೆ ಕೊಳ್ಳಿ. ಅಚ್ಚು ಸವೆದಂತೆ, ಬದಲಾದಂತೆ ಅದೇ ಹೆಸರಿನ ಪೆಲೆಟ್‌ನ ಗುಣವೂ ಬದಲಾಗುತ್ತದೆ. ದಿನಕ್ಕೆ 100 ಗುಂಡಿನಂತೆ ತಿಂಗಳಿಗೆ 25 ದಿನ ಅಭ್ಯಾಸ ಮಾಡುವವರಿಗೆ 500ರ 5 ಡಬ್ಬಿ ಬೇಕು. ಅಷ್ಟಕ್ಕೂ ಸ್ಪರ್ಧೆಯ ಪೆಲೆಟ್ ಬೇಡ, ಸ್ಪರ್ಧೆಗೂ ಅದಕ್ಕೆ ಹಿಂದಿನ ಕೆಲವು ದಿನಗಳಿಗೂ ಎತ್ತಿಟ್ಟರೆ ಸಾಕು. ತುಂಬುವ ಮೊದಲು ಸ್ಕರ್ಟ್ ನೋಡಿ. ಜಜ್ಜಿದ್ದು ಒಂದಿದ್ದರೂ ಆ ಗುಂಡು ಎಲ್ಲೋ ಹೋಗುತ್ತದೆ. ಒಂದೊಂದನ್ನೂ ತೂಗಿ ವಿಂಗಡಿಸುವುದಕ್ಕಿಂತ ಈ ಕೆಲಸದ ಫಲ ಹೆಚ್ಚು. ಕರಾವಳಿಯ ಮಳೆಗಾಲದ ತೇವಕ್ಕೆ ಸೀಸದ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಅಂಥವನ್ನು ಬಳಸಬೇಡಿ. ಕೆಲವು ಮಕ್ಕಳು ಪೆಲೆಟ್‌ಗಳನ್ನು ತುಟಿಯಲ್ಲಿ ಕಚ್ಚಿಕೊಂಡು ತುಂಬುತ್ತಾರೆ. ಸೀಸ ವಿಷ, ಈ ಅಭ್ಯಾಸವನ್ನು ಆ ಕ್ಷಣವೇ ಬಿಡಿಸಬೇಕು. ರೇಂಜ್‌ನಿಂದ ಹೊರಬಂದು ಸೋಪು ಹಾಕಿ ಕೈ ತೊಳೆಯದೆ ತಿಂಡಿ ಮುಟ್ಟಲು ಬಿಡಬಾರದು.

ಇಷ್ಟು ಡಬ್ಬಿಗಳನ್ನು ಪರೀಕ್ಷೆಗೆಂದು ಕೊಳ್ಳುವುದು ಒಂದು ಮನೆಗೆ ಹೊರೆ. ಹತ್ತು ಮಕ್ಕಳು ಹಂಚಿಕೊಂಡರೆ ಸುಲಭ. ಆದ್ದರಿಂದ ಜಿಲ್ಲಾ ರೈಫಲ್ ಸಂಸ್ಥೆಗಳು ಮತ್ತು ಕ್ರೀಡಾ ಇಲಾಖೆ ಪ್ರತಿ ರೇಂಜ್‌ಗೂ ಒಂದು ವೈಸ್ ಕೊಡಿಸಿ, ತಿಂಗಳಲ್ಲಿ ಒಂದು ದಿನವನ್ನು ಪೆಲೆಟ್ ಪರೀಕ್ಷೆಗೆ ಮೀಸಲಿಡಲಿ. ಬೇರೆ ಬೇರೆ ತಲೆ ಅಳತೆಯ ನಾಲ್ಕೈದು ಡಬ್ಬಿಗಳನ್ನು ರೇಂಜ್‌ನಲ್ಲೇ ಇಟ್ಟು, ಮಕ್ಕಳು ಬಳಸಿದಷ್ಟಕ್ಕೆ ಮಾತ್ರ ಹಣ ಪಡೆಯಲಿ. ರೈಫಲ್ ನಂಬರು, ಪೆಲೆಟ್ ಹೆಸರು, ತಲೆ ಅಳತೆ, ಲಾಟ್ ನಂಬರು, ಗುಂಪಿನ ಅಳತೆ ಬರೆದಿಡಲು ಒಂದು ರಿಜಿಸ್ಟರ್ ಇರಲಿ. ರಾಜ್ಯ ಮಟ್ಟದ ಸ್ಪರ್ಧೆಗೆ ಕನಿಷ್ಠ ಎರಡು ತಿಂಗಳು ಮೊದಲೇ ಈ ಕೆಲಸ ಆಗಬೇಕು, ಗೊತ್ತಾದ ಲಾಟ್ ಅಂಗಡಿಯಲ್ಲಿ ಖಾಲಿಯಾಗುವ ಮೊದಲೇ ತರಿಸಿಕೊಳ್ಳಲು ಅಷ್ಟು ಸಮಯ ಬೇಕು.

ಏರ್ ರೈಫಲ್ ತರಬೇತುದಾರರು, ಧಾರವಾಡ