ಕಾರ್ಟೂನ್ ಅಂತ ಬದಿಗೆ ಸರಿಸಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಸೂಪರ್ ಹೀರೋ ಸಿನಿಮಾಗಳ ಬಗ್ಗೆ ಎರಡು ಪುಟದ ಬರಹ ಬಂದಿತ್ತು. ಬ್ಯಾಟ್‌ಮ್ಯಾನ್‌ಗೆ ಅದರಲ್ಲಿ ದೊಡ್ಡ ಜಾಗವೇ ಸಿಕ್ಕಿದೆ. 1989ರ ಟಿಮ್ ಬರ್ಟನ್ ಸಿನಿಮಾದಿಂದ ಹಿಡಿದು ಈಚಿನವರೆಗೆ ಎಲ್ಲವನ್ನೂ ಬರೆದಿದ್ದೀರಿ. ಖುಷಿಯಿಂದ ಓದಿದೆ. ಆದರೆ ನನ್ನ ಮಟ್ಟಿಗೆ ಅವೆಲ್ಲಕ್ಕಿಂತ ಒಳ್ಳೆಯ ಬ್ಯಾಟ್‌ಮ್ಯಾನ್ ಸಿನಿಮಾ ಆ ಪಟ್ಟಿಯಲ್ಲಿ ಇರಲಿಲ್ಲ. ಪುಟದ ಕೆಳಗೆ 'ಮಕ್ಕಳಿಗಾಗಿ' ಎಂಬ ಚಿಕ್ಕ ಚೌಕ ಇತ್ತು. ಅದರಲ್ಲಿ ಒಂದೇ ಸಾಲಿನಲ್ಲಿ ಅದರ ಹೆಸರು ಸಿಕ್ಕಿತು. ಅದಕ್ಕೇ ಈ ಪತ್ರ.

ಆ ಅನಿಮೇಷನ್ ಸಿನಿಮಾ 'ಬ್ಯಾಟ್‌ಮ್ಯಾನ್: ಮಾಸ್ಕ್ ಆಫ್ ದ ಫ್ಯಾಂಟ್ಯಾಸಮ್'. 1993ರ ಕ್ರಿಸ್‌ಮಸ್ ದಿನ ಅಮೆರಿಕದಲ್ಲಿ ತೆರೆಗೆ ಬಂತು. ಎರಿಕ್ ರಾಡೊಮ್‌ಸ್ಕಿ ಮತ್ತು ಬ್ರೂಸ್ ಟಿಮ್ ಇದರ ನಿರ್ದೇಶಕರು. ಅದಕ್ಕೂ ಹಿಂದಿನ ವರ್ಷ ಟಿವಿಯಲ್ಲಿ ಶುರುವಾಗಿ ಹೆಸರು ಮಾಡಿದ್ದ ಬ್ಯಾಟ್‌ಮ್ಯಾನ್ ಸರಣಿಯ ತಂಡವೇ ಇದನ್ನೂ ಮಾಡಿದ್ದು. ನೋಡಲು ಒಂದೂಕಾಲು ಗಂಟೆ ಸಾಕು.

ನಾನು ಸಿನಿಮಾ ಬ್ಯಾನರ್ ಬರೆಯುತ್ತಿದ್ದವನು. ಫ್ಲೆಕ್ಸ್ ಬರುವ ತನಕ ಅದೇ ನನ್ನ ಹೊಟ್ಟೆಪಾಡು. ಬಟ್ಟೆಗೆ ಬಿಳಿ ಅಸ್ತರ ಹೊಡೆದು, ಒಣಗಿದ ಮೇಲೆ ಚೌಕ ಎಳೆದು, ಇದ್ದಿಲಲ್ಲಿ ಮುಖದ ಗೆರೆ ಹಾಕಿ, ಆಮೇಲೆ ಬಣ್ಣ ತುಂಬುವುದು. ಬಿಳಿಯ ಮೇಲೆ ಕಪ್ಪು ತರುವುದು ನಮ್ಮ ದಾರಿ. ಈ ಬ್ಯಾಟ್‌ಮ್ಯಾನ್ ತಂಡದವರು ಅದನ್ನು ಉಲ್ಟಾ ಮಾಡಿದರು. ರಾಡೊಮ್‌ಸ್ಕಿ ಹಿನ್ನೆಲೆ ಚಿತ್ರಗಳನ್ನು ಕಪ್ಪು ಕಾಗದದ ಮೇಲೆ ಬರೆಸಿದರು. ಕತ್ತಲೆ ಮೊದಲೇ ಅಲ್ಲಿರುತ್ತದೆ. ಕಲಾವಿದ ಬೆಳಕು ಬೇಕಾದ ಕಡೆ ಮಾತ್ರ ಕುಂಚ ಇಡುತ್ತಾನೆ. ಒಂದು ಕಿಟಕಿ, ಒಂದು ಬೀದಿ ದೀಪ, ಕಟ್ಟಡದ ಒಂದು ಅಂಚು. ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ. ಮೊದಲ ಸಲ ನೋಡಿದಾಗ ನಾನು ಕಥೆಯನ್ನೇ ಬಿಟ್ಟು ಗೋಡೆಗಳನ್ನು ನೋಡುತ್ತಾ ಕೂತಿದ್ದೆ. ಗಾಥಮ್ ಎಂಬ ಆ ಊರಿನ ರಾತ್ರಿಗೆ ಒಂದು ಭಾರ ಇದೆ. ಕೋಟಿಗಟ್ಟಲೆ ಸುರಿದು ಸೆಟ್ ಹಾಕಿದ ಸಿನಿಮಾಗಳಲ್ಲೂ ಆ ಭಾರ ನನಗೆ ಕಂಡಿಲ್ಲ.

ಪಾತ್ರಗಳನ್ನು ನೋಡಿ. ಬ್ರೂಸ್ ಟಿಮ್ ಬರೆದ ಬ್ಯಾಟ್‌ಮ್ಯಾನ್‌ನಲ್ಲಿ ಬೇಡದ ಒಂದು ಗೆರೆ ಇಲ್ಲ. ಚೌಕ ದವಡೆ, ಅಗಲ ಭುಜ, ಎರಡು ಬಿಳಿ ಕಣ್ಣು. ಅದಕ್ಕೆ ಕಾರಣವೂ ಇದೆ. ಒಬ್ಬರು ಬರೆದ ರೂಪವನ್ನು ಇನ್ನೆಷ್ಟೋ ಜನ ಸಾವಿರಾರು ಸಲ ಬರೆಯಬೇಕು. ಗೆರೆ ಜಾಸ್ತಿ ಆದಷ್ಟೂ ಚಿತ್ರ ಅಲುಗಾಡುವಾಗ ಕೆಡುತ್ತದೆ. 1940ರ ದಶಕದ ಫ್ಲೈಶರ್ ಸೋದರರ ಸೂಪರ್‌ಮ್ಯಾನ್ ಕಿರುಚಿತ್ರಗಳಿಂದ ತಾವು ಕಲಿತದ್ದನ್ನು ಈ ತಂಡದವರೇ ಹೇಳಿಕೊಂಡಿದ್ದಾರೆ. ಆ ಚಿತ್ರಗಳನ್ನು ನೋಡಿದವರಿಗೆ ನೆರಳು ಬೀಳುವ ರೀತಿಯಲ್ಲೇ ಅದು ಗೊತ್ತಾಗುತ್ತದೆ.

ಇನ್ನು ಕಥೆ. ಗಾಥಮ್‌ನ ಹಳೆಯ ರೌಡಿ ನಾಯಕರು ಒಬ್ಬೊಬ್ಬರಾಗಿ ಸಾಯುತ್ತಿದ್ದಾರೆ. ಕೊಲ್ಲುವವನು ತಲೆಬುರುಡೆಯಂಥ ಮುಖವಾಡ ಹಾಕಿ, ಕೈಗೆ ಕುಡುಗೋಲಿನಂಥ ಅಲಗು ಕಟ್ಟಿಕೊಂಡು, ಹೊಗೆಯಲ್ಲಿ ಬಂದು ಹೊಗೆಯಲ್ಲೇ ಹೋಗುತ್ತಾನೆ. ಕತ್ತಲಲ್ಲಿ ಕರಿ ನಿಲುವಂಗಿ ಕಂಡವರು ಇದು ಬ್ಯಾಟ್‌ಮ್ಯಾನ್ ಕೆಲಸವೇ ಅಂತ ನಂಬುತ್ತಾರೆ. ಆರ್ಥರ್ ರೀವ್ಸ್ ಎಂಬ ನಗರಸಭೆಯ ಮುಖಂಡ ಟಿವಿ ಮುಂದೆ ಬಂದು ಅದನ್ನೇ ಹೇಳುತ್ತಾನೆ. ಪೊಲೀಸರು ಬ್ಯಾಟ್‌ಮ್ಯಾನ್ ಬೆನ್ನು ಹತ್ತುತ್ತಾರೆ. ಬ್ಯಾಟ್‌ಮ್ಯಾನ್‌ನ ನಿಜವಾದ ಹೆಸರು ಬ್ರೂಸ್ ವೇಯ್ನ್. ಅದೇ ಹೊತ್ತಿಗೆ ಅವನು ಹಿಂದೊಮ್ಮೆ ಪ್ರೀತಿಸಿದ್ದ ಆಂಡ್ರಿಯಾ ಬ್ಯೂಮಾಂಟ್ ಊರಿಗೆ ವಾಪಸ್ ಬರುತ್ತಾಳೆ. ಆಮೇಲೆ ಸಿನಿಮಾ ಎರಡು ಕಾಲದಲ್ಲಿ ನಡೆಯುತ್ತದೆ. ಮುಖವಾಡ ಹಾಕುವುದಕ್ಕೂ ಮೊದಲಿನ ಬ್ರೂಸ್, ಮುಖವಾಡ ಬಿಟ್ಟರೆ ಬೇರೇನೂ ಉಳಿಯದ ಬ್ರೂಸ್.

ಆ ಕೊಲೆಗಾರನೇ ಫ್ಯಾಂಟ್ಯಾಸಮ್. ಆ ಮುಖವಾಡದ ಹಿಂದೆ ಯಾರಿದ್ದಾರೆ ಅಂತ ನಾನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಓದುಗರು ಹುಡುಕಿ ನೋಡಲಿ. ಇಷ್ಟು ಹೇಳುತ್ತೇನೆ. ಅದು ಲೋಕ ಆಳಬೇಕು ಅಂತ ಬಂದ ಖಳ ಅಲ್ಲ. ಬ್ಯಾಟ್‌ಮ್ಯಾನ್‌ಗೆ ಆದ ಗಾಯವೇ ಅದಕ್ಕೂ ಆಗಿದೆ. ಒಬ್ಬರು ಒಂದು ಗೆರೆ ದಾಟಿದ್ದಾರೆ, ಇನ್ನೊಬ್ಬರು ಪ್ರತಿ ರಾತ್ರಿ ಆ ಗೆರೆಯ ಪಕ್ಕದಲ್ಲೇ ಓಡಾಡುತ್ತಾರೆ. ಮನೆಯ ಹಳೆಯ ಸೇವಕ ಆಲ್‌ಫ್ರೆಡ್ ಇದನ್ನು ಬ್ರೂಸ್‌ಗೆ ನೇರವಾಗಿಯೇ ಹೇಳುತ್ತಾನೆ.

ಒಂದು ದೃಶ್ಯದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಲೇಬೇಕು. ಮಳೆ. ತಂದೆ ತಾಯಿಯ ಸಮಾಧಿ ಮುಂದೆ ಬ್ರೂಸ್ ಒಬ್ಬನೇ ಇದ್ದಾನೆ. ಅವರನ್ನು ಕೊಂದ ದಿನದಿಂದ ಇಡೀ ಬದುಕನ್ನೇ ಸೇಡಿಗೆ ಕೊಡುತ್ತೇನೆ ಅಂತ ಅವರಿಗೆ ಮಾತು ಕೊಟ್ಟಿದ್ದಾನೆ. ಈಗ ಪ್ರೀತಿ ಆಗಿದೆ. ಮೊದಲಿನ ಹಾಗೆ ನೋವಾಗುತ್ತಿಲ್ಲ ಅಂತ ಹೇಳಿಕೊಳ್ಳುತ್ತಾನೆ. ಪೊಲೀಸರಿಗೆ ದುಡ್ಡು ಕೊಟ್ಟರೆ ಆಗದೇ ಅಂತ ಚೌಕಾಸಿ ಮಾಡುತ್ತಾನೆ. ನಾನು ಸುಖವಾಗಿರುತ್ತೇನೆ ಅಂತ ಆಗ ಎಣಿಸಿರಲಿಲ್ಲ ಅಂತ ಸತ್ತವರ ಮುಂದೆ ಬೇಡುತ್ತಾನೆ. ಕೊಟ್ಟ ಮಾತಿಂದ ಬಿಡುಗಡೆ ಕೇಳುವ ಮಗ. ಇದು ಮಕ್ಕಳ ವಿಷಯವೇ ಸಂಪಾದಕರೇ? ತಂದೆಯನ್ನು ಕಳೆದುಕೊಂಡ ಎಷ್ಟು ದೊಡ್ಡವರು ಆ ಜಾಗದಲ್ಲಿ ಒಳಗೊಳಗೇ ನಿಂತಿಲ್ಲ? ನಾನಂತೂ ನಿಂತಿದ್ದೇನೆ.

ಆ ಬಿಡುಗಡೆ ಅವನಿಗೆ ಸಿಗುವುದಿಲ್ಲ. ಆಂಡ್ರಿಯಾ ಉಂಗುರ ವಾಪಸ್ ಕಳಿಸಿ ಊರು ಬಿಟ್ಟು ಹೋಗುತ್ತಾಳೆ. ಆಗ ಬ್ರೂಸ್ ಮೊದಲ ಸಲ ಮುಖವಾಡ ಹಾಕುತ್ತಾನೆ. ಬೇರೆ ಸಿನಿಮಾ ಆಗಿದ್ದರೆ ಅಲ್ಲಿ ಚಪ್ಪಾಳೆ ಗಿಟ್ಟಿಸುವ ಸಂಗೀತ ಹಾಕಿ ನಾಯಕನನ್ನು ಮೆರೆಸುತ್ತಿದ್ದರು. ಇಲ್ಲಿ ಅವನು ಕತ್ತಲಲ್ಲಿ ಮುಖ ಎತ್ತಿದಾಗ ಆಲ್‌ಫ್ರೆಡ್ ಬೆಚ್ಚಿ ದೇವರ ಹೆಸರು ಹೇಳುತ್ತಾನೆ. ಸಾಕಿ ಬೆಳೆಸಿದವನಿಗೇ ಭಯವಾಗುತ್ತದೆ. ವೀರನ ಹುಟ್ಟನ್ನು ಒಂದು ಸಾವಿನ ಹಾಗೆ ತೋರಿಸಿದ ಸೂಪರ್ ಹೀರೋ ಸಿನಿಮಾ ನನಗೆ ಬೇರೆ ಗೊತ್ತಿಲ್ಲ.

ಇನ್ನೊಂದು ಜಾಗ ನನ್ನಂಥ ಕುಂಚದವನಿಗೆ ಹಬ್ಬ. ಸತ್ತ ರೌಡಿಗಳ ಹಳೆಯ ಗುಂಪು ಫೋಟೊ ಬ್ಯಾಟ್‌ಮ್ಯಾನ್ ಕೈಗೆ ಸಿಗುತ್ತದೆ. ಹಿಂದೆ ಒಬ್ಬ ಉದ್ದ ಮುಖದ ಬಂಟ ನಿಂತಿದ್ದಾನೆ. ಹೆಸರಿಲ್ಲ. ಬ್ಯಾಟ್‌ಮ್ಯಾನ್ ಕೆಂಪು ಪೆನ್ನು ತೆಗೆದು ಆ ಮುಖದ ಮೇಲೆ ಒಂದು ನಗು ಬರೆಯುತ್ತಾನೆ, ಅಷ್ಟೇ. ನೋಡುವವರಿಗೆ ಬ್ಯಾಟ್‌ಮ್ಯಾನ್‌ನ ದೊಡ್ಡ ವೈರಿ, ಸದಾ ನಗುವ ಮುಖದ ಜೋಕರ್ ಕಾಣುತ್ತಾನೆ. ಒಂದೂ ಮಾತಿಲ್ಲದೆ, ಒಂದು ಕೆಂಪು ಗೆರೆಯಲ್ಲಿ ಕಥೆ ತಿರುಗಿತು. ಬರೆದ ಚಿತ್ರದ ಮೇಲೆ ಇನ್ನೊಂದು ಗೆರೆ ಬಿದ್ದಾಗ ಆಗುವ ಈ ರೋಮಾಂಚನ ನಟರನ್ನಿಟ್ಟು ತೆಗೆದರೆ ಇಷ್ಟೇ ಸಿಗುತ್ತಿತ್ತು ಅಂತ ನನಗನ್ನಿಸುವುದಿಲ್ಲ.

ಹಾಗೇ ಆ ವಿಶ್ವ ಮೇಳ. 1939ರ ನ್ಯೂಯಾರ್ಕ್ ಮೇಳವನ್ನು ನೆನಪಿಸುವ, ನಾಳಿನ ಲೋಕ ಹೀಗಿರುತ್ತದೆ ಅಂತ ತೋರಿಸುವ ಪ್ರದರ್ಶನ. ಪ್ರೀತಿಯಲ್ಲಿದ್ದ ಬ್ರೂಸ್ ಮತ್ತು ಆಂಡ್ರಿಯಾ ಅಲ್ಲಿ ತಿರುಗುವಾಗ ಎಲ್ಲವೂ ಹೊಳೆಯುತ್ತದೆ. ವರ್ಷಗಳಾದ ಮೇಲೆ ಅದೇ ಜಾಗ ತುಕ್ಕು ಹಿಡಿದು ಜೋಕರ್‌ನ ಬಿಡಾರ ಆಗಿದೆ. ಗೊಂಬೆ ಊರಿನ ಮಧ್ಯೆ ಜೋಕರ್ ಮತ್ತು ಬ್ಯಾಟ್‌ಮ್ಯಾನ್ ರಾಕ್ಷಸರಷ್ಟು ದೊಡ್ಡದಾಗಿ ಕಾಣುತ್ತಾ ಹೊಡೆದಾಡುತ್ತಾರೆ. ಕಳೆದುಹೋದ ನಾಳೆಯನ್ನು ಬಣ್ಣದಲ್ಲೇ ಹೇಳಿಬಿಟ್ಟಿದ್ದಾರೆ.

ದನಿಗಳ ಬಗ್ಗೆ ಚಿಕ್ಕದಾಗಿ. ಕೆವಿನ್ ಕಾನ್ರಾಯ್ ಬ್ರೂಸ್‌ಗೆ ಒಂದು ದನಿ, ಬ್ಯಾಟ್‌ಮ್ಯಾನ್‌ಗೆ ಇನ್ನೊಂದು ದನಿ ಕೊಟ್ಟರು. ಸಮಾಧಿ ದೃಶ್ಯದಲ್ಲಿ ಬರುವುದು ಮುಖವಾಡ ಇಲ್ಲದವನ ದನಿ. ಅವರು 2022ರಲ್ಲಿ ತೀರಿಕೊಂಡರು. ಜೋಕರ್ ದನಿ ಮಾರ್ಕ್ ಹ್ಯಾಮಿಲ್ ಅವರದು. ಸಂಗೀತ ಶರ್ಲಿ ವಾಕರ್. ಶುರುವಿನ ಗುಂಪುಗಾನ ಯಾವುದೋ ಹಳೆಯ ಪ್ರಾರ್ಥನೆ ಅನ್ನಿಸುತ್ತದೆ. ನಿಜವಾಗಿ ಅದು ಸಿನಿಮಾಕ್ಕೆ ದುಡಿದವರ ಹೆಸರುಗಳನ್ನು ಹಿಂದುಮುಂದಾಗಿಸಿ ಹಾಡಿಸಿದ್ದು! ದುಡಿದ ಕೈಗಳಿಗೆ ಅಂಥ ಗೌರವ ಎಲ್ಲಿ ಸಿಗುತ್ತದೆ ಹೇಳಿ.

ಇಷ್ಟೆಲ್ಲ ಇದ್ದೂ ಸಿನಿಮಾ ಥಿಯೇಟರಿನಲ್ಲಿ ಸೋತಿತು. ಮೊದಲು ಇದನ್ನು ನೇರವಾಗಿ ವಿಡಿಯೊ ಕ್ಯಾಸೆಟ್‌ಗೆ ಅಂತಲೇ ಯೋಚಿಸಿದ್ದರು. ಆಮೇಲೆ ಥಿಯೇಟರಿಗೆ ಅಂತ ತೀರ್ಮಾನ ಆಯಿತು. ತಂಡಕ್ಕೆ ಸಿಕ್ಕಿದ್ದು ಸುಮಾರು 8 ತಿಂಗಳು. ಪ್ರಚಾರ ಸರಿಯಾಗಿ ಮಾಡಲಿಲ್ಲ. ಸುಮಾರು 60 ಲಕ್ಷ ಡಾಲರ್ ಖರ್ಚಿನ ಸಿನಿಮಾ ಹಾಕಿದ ದುಡ್ಡನ್ನೂ ಥಿಯೇಟರಿನಿಂದ ಎತ್ತಲಿಲ್ಲ. ಇನ್ನೂ ಬೇಜಾರಿನ ವಿಷಯ ಅಂದರೆ ಆಟಿಕೆ. ಫ್ಯಾಂಟ್ಯಾಸಮ್ ಗೊಂಬೆಯನ್ನು ಮುಖವಾಡ ಬಿಚ್ಚಿಟ್ಟೇ ಡಬ್ಬಿಯಲ್ಲಿ ಹಾಕಿ ಮಾರಿದರು. ಇಡೀ ಸಿನಿಮಾ ಕಾಪಾಡಿಕೊಂಡ ಗುಟ್ಟು ಅಂಗಡಿಯ ಕಪಾಟಿನಲ್ಲಿ ನೇತಾಡುತ್ತಿತ್ತು. ಮಕ್ಕಳ ಸಾಮಾನು ತಾನೇ, ಅದಕ್ಕೇನು ಗುಟ್ಟು ಅಂತ ಅಂದುಕೊಂಡಿರಬೇಕು.

ಕೆಲವು ವಿಮರ್ಶಕರೂ ಬಿಟ್ಟುಬಿಟ್ಟರು. ಅಮೆರಿಕದ ಹೆಸರಾಂತ ಜೋಡಿ ಜೀನ್ ಸಿಸ್ಕೆಲ್ ಮತ್ತು ರೋಜರ್ ಈಬರ್ಟ್ ಥಿಯೇಟರಿನಲ್ಲಿದ್ದಾಗ ಇದನ್ನು ನೋಡಲೇ ಇಲ್ಲ. ವಿಡಿಯೊದಲ್ಲಿ ಬಂದ ಮೇಲೆ ನೋಡಿ ತಮ್ಮ ಕಾರ್ಯಕ್ರಮದಲ್ಲಿ ಮೆಚ್ಚಿ ಮಾತಾಡಿದರು. ಅಷ್ಟು ಹೊತ್ತಿಗೆ ಥಿಯೇಟರಿನಿಂದ ಎತ್ತಿ ಆಗಿತ್ತು. ಅವರು ಆ ವಾರವೇ ಬರೆದಿದ್ದರೆ ಎಷ್ಟು ಜನ ದೊಡ್ಡ ಪರದೆಯಲ್ಲಿ ಆ ಕಪ್ಪು ಕಾಗದದ ರಾತ್ರಿಯನ್ನು ನೋಡುತ್ತಿದ್ದರೋ. ಈ ವಿಷಯ ನಿಮಗೆ ಬರೆಯುತ್ತಿರುವುದು ಸುಮ್ನೆ ಅಲ್ಲ. ಪತ್ರಿಕೆಯವರು ಯಾವುದಕ್ಕೆ ಎಷ್ಟು ಜಾಗ ಕೊಡುತ್ತಾರೆ ಅನ್ನುವುದರ ಮೇಲೆ ಒಂದು ಸಿನಿಮಾದ ಆಯಸ್ಸು ನಿಂತಿರುತ್ತದೆ.

ನಮ್ಮಲ್ಲೂ ಈಗ ಕಾಲ ಬದಲಾಗಿದೆ ಅಲ್ವಾ? 2023ರಲ್ಲಿ ಸ್ಪೈಡರ್‌ಮ್ಯಾನ್‌ನ ಅನಿಮೇಷನ್ ಸಿನಿಮಾ ಕನ್ನಡದಲ್ಲೂ ಡಬ್ ಆಗಿ ಬಂತು. 2025ರಲ್ಲಿ 'ಮಹಾವತಾರ್ ನರಸಿಂಹ' ನೋಡಲು ಅಜ್ಜ ಅಜ್ಜಿಯರೂ ಥಿಯೇಟರಿಗೆ ಹೋದರು. ಅನಿಮೇಷನ್ ಉದ್ಯಮಕ್ಕೆ ಅಂತಲೇ ಕರ್ನಾಟಕ ಸರ್ಕಾರ 2012ರಲ್ಲೇ ನೀತಿ ಮಾಡಿತ್ತು. ನಮ್ಮ ಬೀದಿಯ ಹುಡುಗಿಯೊಬ್ಬಳು ಬೆಂಗಳೂರಿನ ಸ್ಟುಡಿಯೊ ಒಂದರಲ್ಲಿ ಹಿನ್ನೆಲೆ ಚಿತ್ರ ಬರೆಯುತ್ತಾಳೆ. ಬೆಳಕು ಯಾವ ಕಡೆಯಿಂದ ಬರಬೇಕು ಅಂತ ನನ್ನ ಹತ್ತಿರ ಗಂಟೆಗಟ್ಟಲೆ ವಾದ ಮಾಡುತ್ತಾಳೆ. ಅವಳ ಅಮ್ಮನಿಗೆ ಮಾತ್ರ ಮಗಳದು ಕಾರ್ಟೂನ್ ಕೆಲಸ ಅಂತ ನೆಂಟರ ಮುಂದೆ ಹೇಳಲು ಸಂಕೋಚ. ಆ ಸಂಕೋಚ ಅವರಾಗಿ ತಂದುಕೊಂಡದ್ದಲ್ಲ. ನಾವೆಲ್ಲ ಸೇರಿ ಕಲಿಸಿದ್ದು, ನಿಮ್ಮ ಪುಟಗಳೂ ಸೇರಿ.

ಮಕ್ಕಳು ಅನಿಮೇಷನ್ ನೋಡಬಾರದು ಅಂತ ನಾನು ಹೇಳುತ್ತಿಲ್ಲ. ಮಕ್ಕಳಿಗೆ ಅಂತಲೇ ಮಾಡಿದ ಒಳ್ಳೆಯ ಸಿನಿಮಾಗಳಿವೆ, ಅವಕ್ಕೂ ಒಳ್ಳೆಯ ವಿಮರ್ಶೆ ಬೇಕು. ಆದರೆ ಈ ಫ್ಯಾಂಟ್ಯಾಸಮ್ ಸಿನಿಮಾದಲ್ಲಿ ಕೊಲೆ ಇದೆ, ರಕ್ತ ಇದೆ, ಮುರಿದ ನಿಶ್ಚಿತಾರ್ಥ ಇದೆ. ಅಮೆರಿಕದಲ್ಲೇ ಇದಕ್ಕೆ ಪೋಷಕರ ಮಾರ್ಗದರ್ಶನ ಬೇಕು ಎಂಬ ಪ್ರಮಾಣಪತ್ರ ಕೊಟ್ಟಿದ್ದಾರೆ. ನಿಮ್ಮ ಚೌಕ ನಂಬಿ ಯಾರಾದರೂ ಐದು ವರ್ಷದ ಮಗುವನ್ನು ಒಂಟಿಯಾಗಿ ಇದರ ಮುಂದೆ ಕೂರಿಸಿದರೆ ಆ ಮಗು ರಾತ್ರಿ ಹೆದರುತ್ತದೆ.

ನನ್ನ ಕೋರಿಕೆ ದೊಡ್ಡದೇನಲ್ಲ. ಇನ್ನು ಮುಂದೆ ಅನಿಮೇಷನ್ ಸಿನಿಮಾ ಬಂದರೆ ಶುಕ್ರವಾರದ ವಿಮರ್ಶೆ ಬರೆಯುವವರ ಕೈಗೇ ಅದನ್ನು ಕೊಡಿ, ಬೇರೆ ಸಿನಿಮಾಗಳಿಗೆ ಕೊಡುವಷ್ಟೇ ಸಾಲು ಕೊಡಿ. ದನಿ ಕೊಟ್ಟ ತಾರೆಯ ಹೆಸರಿನ ಜೊತೆಗೆ ಪಾತ್ರ ರೂಪಿಸಿದವರು, ಹಿನ್ನೆಲೆ ಬರೆದವರ ಹೆಸರೂ ಬರಲಿ. ಜಾಗ ಸಾಲದಿದ್ದರೆ ತಾರೆಯ ಫೋಟೊ ಸ್ವಲ್ಪ ಚಿಕ್ಕದು ಮಾಡಿ.

ಇಂತಿ ನಿಮ್ಮ ಓದುಗ,
ಒಬ್ಬ ಬ್ಯಾನರ್ ಕಲಾವಿದ, ದಾವಣಗೆರೆ