ಎಫ್ರೆನ್ ರೇಯಸ್ ಅವರಿಗೂ ಸಲ್ಲಬೇಕಾದ ವಂದನೆ

ಬಲಭುಜದ ಶಸ್ತ್ರಚಿಕಿತ್ಸೆಯ ಬಳಿಕ ಮತ್ತೆ ಕ್ಯೂ ಕೋಲು ಹಿಡಿದು, ನಮ್ಮ ಕ್ಲಬ್ಬಿನ ಹಿರಿಯರ ಸ್ನೂಕರ್ ಪಂದ್ಯಾವಳಿಯಲ್ಲಿ ಆಡಿದ್ದೇನೆ. ತಾಳ್ಮೆಯಿಂದ ವ್ಯಾಯಾಮ ಮಾಡಿಸಿದ ಫಿಸಿಯೋಥೆರಪಿಸ್ಟರಿಗೂ, ಬೆಳಗಿನ ಹೊತ್ತು ನನಗಾಗಿ ಟೇಬಲ್ ತೆರವು ಮಾಡಿಕೊಟ್ಟ ಮಾರ್ಕರ್ (ಟೇಬಲ್ ನೋಡಿಕೊಳ್ಳುವ) ಅಣ್ಣನಿಗೂ ನಾನು ಋಣಿ. ಇವರ ಜೊತೆಗೆ, ನನ್ನ ಹೆಸರನ್ನೇ ಕೇಳಿರದ ಫಿಲಿಪ್ಪೀನ್ಸಿನ ಪೂಲ್ ಆಟಗಾರ ಎಫ್ರೆನ್ ರೇಯಸ್ ಅವರಿಗೂ ವಂದನೆ ಹೇಳಬೇಕಿದೆ.

1954ರಲ್ಲಿ ಪಂಪಾಂಗದಲ್ಲಿ ಹುಟ್ಟಿದ ರೇಯಸ್, ಮನಿಲಾದಲ್ಲಿದ್ದ ಸಂಬಂಧಿಕರ ‘ಲಕ್ಕಿ 13’ ಎಂಬ ಬಿಲಿಯರ್ಡ್ಸ್ ಮನೆಯಲ್ಲಿ, ಟೇಬಲ್ ಎಟುಕದ ವಯಸ್ಸಿನಲ್ಲಿ ಕೋಕಾ-ಕೋಲಾ ಪೆಟ್ಟಿಗೆಗಳ ಮೇಲೆ ನಿಂತು ಆಟ ಕಲಿತವರು. ಅಮೆರಿಕದವರಲ್ಲದವರು ಅದುವರೆಗೆ ಗೆದ್ದಿರದ ಯು.ಎಸ್. ಓಪನ್ ನೈನ್-ಬಾಲ್ (ಒಂಬತ್ತು ಚೆಂಡುಗಳ ಪೂಲ್ ಆಟ) ಪ್ರಶಸ್ತಿಯನ್ನು 1994ರಲ್ಲಿ ಗೆದ್ದಾಗ ಅವರಿಗೆ ನಲವತ್ತು. 1999ರಲ್ಲಿ ಕಾರ್ಡಿಫ್‌ನಲ್ಲಿ ವಿಶ್ವ ನೈನ್-ಬಾಲ್ ಚಾಂಪಿಯನ್ ಆದರು. ಐದು ವರ್ಷಗಳ ನಂತರ ಪೂಲ್‌ನ ಇನ್ನೊಂದು ಬಗೆಯಾದ ಏಟ್-ಬಾಲ್‌ನ ವಿಶ್ವ ಫೈನಲ್‌ನಲ್ಲಿ ಅವರು ಸೋಲಿಸಿದ್ದು ಸ್ವದೇಶದವರೇ ಆದ, ಸ್ನೂಕರನ್ನೂ ಆಡಿದ್ದ ಮಾರ್ಲಾನ್ ಮನಾಲೊ ಅವರನ್ನು.

ನಾನು ಹಾಸಿಗೆ ಹಿಡಿದಿದ್ದಾಗ ಮತ್ತೆ ಮತ್ತೆ ನೋಡಿದ್ದು ಮಾತ್ರ ಅಮೆರಿಕದ ರೀನೋದಲ್ಲಿ ನಡೆದ 1995ರ ನೈನ್-ಬಾಲ್ ಫೈನಲ್. ಅರ್ಲ್ ಸ್ಟ್ರಿಕ್‌ಲ್ಯಾಂಡ್ ಎದುರಾಳಿ, ಸ್ಕೋರ್ 12-12. ನೈನ್-ಬಾಲ್‌ನಲ್ಲಿ ಟೇಬಲ್ ಮೇಲಿರುವ ಅತಿ ಚಿಕ್ಕ ಸಂಖ್ಯೆಯ ಚೆಂಡಿಗೇ ಮೊದಲು ತಾಗಿಸಬೇಕು. ತಪ್ಪಿದರೆ ಎದುರಾಳಿ ಬಿಳಿ ಚೆಂಡನ್ನು ಇಷ್ಟ ಬಂದಲ್ಲಿ ಇಟ್ಟುಕೊಳ್ಳಬಹುದು. ಐದನೆಯ ಚೆಂಡಿಗೆ ನೇರ ದಾರಿಯೇ ಇಲ್ಲದಂತೆ ಸ್ಟ್ರಿಕ್‌ಲ್ಯಾಂಡ್ ಬಿಳಿ ಚೆಂಡನ್ನು ಮರೆಗೆ ಇಟ್ಟಿದ್ದರು. ರೇಯಸ್ ಅದನ್ನು ಎರಡು ಕುಷನ್‌ಗಳಿಗೆ (ಟೇಬಲ್ ಅಂಚಿನ ರಬ್ಬರ್ ಪಟ್ಟಿಗಳಿಗೆ) ಬಡಿಸಿ, ಅಂಕುಡೊಂಕಾದ ಹಾದಿಯಲ್ಲಿ ತಂದು, ಐದನ್ನು ಪಾಕೆಟ್ಟಿಗೆ ಹಾಕಿದ್ದಲ್ಲದೆ ಆರನೆಯ ಚೆಂಡಿಗೂ ಅನುಕೂಲವಾಗಿ ನಿಲ್ಲಿಸಿದರು. ಅದೃಷ್ಟವೆನ್ನುವವರು ಎನ್ನಲಿ, ಚೆಂಡು ತಾಗಿಸುವುದೇ ಕಷ್ಟವಾಗಿದ್ದ ಆ ಸ್ಥಿತಿಯಲ್ಲಿ ಆ ಹಾದಿಯನ್ನು ಕಂಡದ್ದು ಪಾಕೆಟ್‌ಗಳಿಲ್ಲದ ಟೇಬಲ್ ಮೇಲಿನ ಮೂರು ಕುಷನ್ನಿನ ಕ್ಯಾರಮ್ ಬಿಲಿಯರ್ಡ್ಸ್ ಆಡಿ ಪಳಗಿದ ಕಣ್ಣು ಎಂಬುದು ನನ್ನ ನಂಬಿಕೆ.

ಜೋರಾಗಿ ಹೊಡೆಯಲು ನನ್ನ ಭುಜ ಇನ್ನು ಒಪ್ಪುವುದಿಲ್ಲ. ಹಾಗಾಗಿ ಹಿಂದೆ ಬಲದಿಂದ ತೀರಿಸುತ್ತಿದ್ದ ಹೊಡೆತಗಳನ್ನು ಈಗ ಕುಷನ್ನಿನ ಕೋನ ಲೆಕ್ಕ ಹಾಕಿ ಮೆಲ್ಲಗೆ ಆಡುತ್ತೇನೆ. ಕೆಲವು ಫ್ರೇಮ್ ಗೆದ್ದದ್ದೂ ಹಾಗೆಯೇ. ರೇಯಸ್ ಅವರ ಆಟ ನೋಡದಿದ್ದರೆ ಈ ದಾರಿ ನನಗೆ ಹೊಳೆಯುತ್ತಿರಲಿಲ್ಲ. ಅವರ ಪಂದ್ಯಗಳನ್ನು ಒಂದೊಂದಾಗಿ ಹುಡುಕಿ ಕಳಿಸಿದ ಕ್ಲಬ್ಬಿನ ಕಿರಿಯ ಗೆಳೆಯರಿಗೂ ನನ್ನ ಹೃತ್ಪೂರ್ವಕ ಧನ್ಯವಾದಗಳು.