ಕೊನೆ ಪುಟಕ್ಕೆ ಅವಸರ ಬೇಡ ಪುಟ್ಟಿ

ಪ್ರೀತಿಯ ಪುಟ್ಟಿ,

ಈ ವರ್ಷ ಓದಿದ್ದರಲ್ಲಿ ಚೆನ್ನಾಗಿರುವ ಕತೆ, ಕಾದಂಬರಿ ಹೇಳಿ ಅತ್ತೆ ಅಂತ ಮೆಸೇಜ್ ಹಾಕಿದ್ದೆಯಲ್ಲ. ಮುಂದಿನ ವರ್ಷ ವಾರಕ್ಕೊಂದು ಪುಸ್ತಕ ಮುಗಿಸುವ ಟಾರ್ಗೆಟ್ ಇದೆ ಅಂತಲೂ ಬರೆದಿದ್ದೆ. ಟಾರ್ಗೆಟ್ಟು ಆಫೀಸಿನಲ್ಲೇ ಸಾಕಲ್ವಾ? ಪುಸ್ತಕ ಹೇಳುತ್ತೇನೆ, ಆದರೆ ಲೆಕ್ಕ ಇಡುವುದು ಬಿಡು.

ಮೊದಲು ವಿವೇಕ ಶಾನಭಾಗರ ‘ಘಾಚರ್ ಘೋಚರ್’. ನಮ್ಮ ಬೆಂಗಳೂರಿನದೇ ಕತೆ, ಒಂದು ಭಾನುವಾರಕ್ಕೆ ಮುಗಿಯುವಷ್ಟು ಸಣ್ಣದು. ನೀನು ಅದನ್ನು ಓದಿ, ಕೊನೆಗೆ ಏನಾಯ್ತು ಅಂತಾನೇ ಹೇಳಲ್ಲ, ಇದು ಮೋಸ ಅಂತ ಸಿಟ್ಟು ಮಾಡಿಕೊಂಡಿದ್ದೆ. ಇನ್ನೊಂದು ಸಲ ಓದು. ಈ ಸಲ, ಒಬ್ಬಳು ಹೆಂಗಸು ಆ ಮನೆ ಬಾಗಿಲಿಗೆ ಬರುತ್ತಾಳಲ್ಲ, ಅಲ್ಲಿ ನಿಧಾನ ಮಾಡು. ಕತೆ ಹೇಳುವವನ ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದಿದ್ದಾಳೆ, ಅವನಿಗೆ ಇಷ್ಟ ಅಂತ ಮಸೂರ್ ಬೇಳೆ ಅಡುಗೆ ಡಬ್ಬಿಗೆ ಹಾಕಿಕೊಂಡು ತಂದಿದ್ದಾಳೆ. ಚಿಕ್ಕಪ್ಪನ ಮಸಾಲೆ ವ್ಯಾಪಾರದ ದುಡ್ಡಿನಲ್ಲೇ ಇಡೀ ಮನೆ ನಡೆಯುತ್ತಿರುವುದು. ಅವನು ಕೈತಪ್ಪಿ ಹೋದರೆ ಎಲ್ಲರ ಸುಖವೂ ಹೋಯಿತು. ಅದಕ್ಕೇ ಮನೆ ಹೆಂಗಸರು ಅವಳನ್ನು ಬಾಯಿಗೆ ಬಂದಂತೆ ಬೈದು ಓಡಿಸುತ್ತಾರೆ, ತಂದ ಅಡುಗೆ ಬೀದಿಪಾಲಾಗುತ್ತದೆ, ಕತೆ ಹೇಳುತ್ತಿರುವ ಮಗರಾಯ ಸುಮ್ನೆ ನೋಡುತ್ತಾ ನಿಂತಿರುತ್ತಾನೆ. ಇದು ಸರಿಯಾ ಅಂತ ಕೇಳುವವಳು ಸೊಸೆ ಅನಿತಾ ಒಬ್ಬಳೇ. ಇಷ್ಟು ಓದಿ, ಹಳೇ ಮನೆಯಲ್ಲಿ ಇವರೆಲ್ಲ ಸೇರಿ ಇರುವೆ ಹೊಸಕುವ ಪುಟಗಳಿಗೆ ಹೋಗು. ಕೊನೆಗೆ ಏನಾಯ್ತು ಅಂತ ಆಮೇಲೆ ನೀನೇ ನನಗೆ ಹೇಳು.

ದೇವನೂರ ಮಹಾದೇವರ ‘ಒಡಲಾಳ’ ಕೂಡ ಹಾಗೇ. ಕತೆ ಏನು ಅಂತ ಕೇಳಿದರೆ ಸಾಕವ್ವನ ಹುಂಜ ಕಳೆದುಹೋಗಿದೆ, ಅಷ್ಟೇ! ಆದರೆ ಆ ರಾತ್ರಿ ಮಗ ಒಂದು ಮೂಟೆ ಕಡಲೇಕಾಯಿ ತಂದು ಹಾಕುತ್ತಾನೆ. ಮನೆಮಂದಿಯೆಲ್ಲ ಬೆಂಕಿ ಸುತ್ತ ಕೂತು ತಿನ್ನುತ್ತಾರೆ, ಸಿಪ್ಪೆ ಬೆಂಕಿಗೆ. ಬಸವನಗುಡಿ ಪರಿಷೆಯಲ್ಲಿ ಸೇರುಗಟ್ಟಲೆ ಕೊಂಡು ಅರ್ಧ ಹಾಗೇ ಬಿಡುವ ನಾವು ಅದನ್ನು ಓದಲೇಬೇಕು. ಮಾತು ನಂಜನಗೂಡಿನ ಕಡೆಯದು, ಶುರುವಿನಲ್ಲಿ ತೊಡಕಾಗಬಹುದು. ಗಟ್ಟಿಯಾಗಿ ಓದು, ಕಿವಿಗೆ ಬೇಗ ಹತ್ತುತ್ತದೆ.

2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಬಂದಾಗ ಎಲ್ಲರೂ ಸ್ಟೇಟಸ್ ಹಾಕಿದರು, ಓದಿದವರು ಎಷ್ಟು ಜನವೋ. ಅವರ ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಪುಸ್ತಕವನ್ನು ನೀನು ಕೊಂಡಿದ್ದೀಯ, ಒಳ್ಳೆಯದೇ. ಆದರೆ ‘ಎದೆಯ ಹಣತೆ’ ಕತೆ ಮಾತ್ರ ಕನ್ನಡದಲ್ಲೇ ಓದು. ಗಂಡನಿಗೆ ಇನ್ನೊಬ್ಬಳ ಸಹವಾಸ. ಮೆಹರುನ್ ಕೂಸು ಎತ್ತಿಕೊಂಡು ತವರಿಗೆ ಬಂದರೆ, ಒಡಹುಟ್ಟಿದ ಅಣ್ಣಂದಿರೇ ಅವಳನ್ನು ವಾಪಸ್ ಬಿಟ್ಟು ಬರುತ್ತಾರೆ. ಅದನ್ನು ಓದಿದ ದಿನ ಬೇರೆ ಕತೆಗೆ ಕೈ ಹಾಕಬೇಡ.

ತೇಜಸ್ವಿಯವರ ‘ಕರ್ವಾಲೊ’ ನಿನಗೆ ಹೇಳಬೇಕಿಲ್ಲ. ಅದರಲ್ಲಿ ಎಲ್ಲರೂ ಕಾಡಿನಲ್ಲಿ ಹುಡುಕಿಕೊಂಡು ಹೋಗುವ ಹಾರುವ ಓತಿಗಿಂತ ನನಗೆ ಹಳ್ಳಿಯ ಮಂದಣ್ಣನೇ ಇಷ್ಟ.

ಇನ್ನು ದಪ್ಪ ಪುಸ್ತಕದ ಮಾತು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಹತ್ತಿರ ನಿನ್ನ ವಾರದ ಲೆಕ್ಕ ನಡೆಯಲ್ಲ. 1967ರ ಕಾದಂಬರಿ, ಜನವೋ ಜಾಸ್ತಿ. ಯಾರು ಯಾರಿಗೆ ಏನಾಗಬೇಕು ಅಂತ ಚೀಟಿ ಬರೆದುಕೊಂಡು ಕೂರಬೇಡ. ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ’ ಅಂತ ಅವರೇ ಮೊದಲಿಗೆ ಹೇಳಿಬಿಟ್ಟಿದ್ದಾರೆ. ಗುತ್ತಿ, ಅವನ ನಾಯಿ ಹುಲಿಯ, ಇಬ್ಬರ ಹಿಂದೆ ಕಾಡಿನಲ್ಲಿ ನಡೆಯುತ್ತಾ ಹೋಗು. ವೈಟ್‌ಫೀಲ್ಡ್‌ನಿಂದ ಮೆಟ್ರೋದಲ್ಲಿ ಸೀಟು ಸಿಕ್ಕಿದ ದಿನ ನಾಲ್ಕು ಪುಟ, ಸಿಗದ ದಿನ ಬೇಡ. ಮಳೆಗಾಲದ ತನಕ ಓದಿದರೂ ಯಾರೂ ಕೇಳಲ್ಲ.

ಬಿಡುವಾದ ಶನಿವಾರ ಗಾಂಧಿ ಬಜಾರಿಗೆ ಬಾ, ಅಂಕಿತ ಪುಸ್ತಕಕ್ಕೆ ಹೋಗೋಣ. ದೋಸೆ, ಕಾಫಿ ನನ್ನದು. ಪುಸ್ತಕದ ದುಡ್ಡು ನೀನೇ ಕೊಡು. ನನ್ನ ‘ಒಡಲಾಳ’ ಮಾತ್ರ ಎರವಲು ಕೇಳಬೇಡ, ಕೊಡಲ್ಲ.

ನಿನ್ನ ಅತ್ತೆ